ಬಾಣಂತಿಯ ಎದೆಬಟ್ಟೆ

ಬಾಣಂತಿಯ ಆರೈಕೆಯೆಂದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಗೃಹಿಣಿಯರಿಗೆ ಮೊದಲು ನೆನಪಾಗುವುದು ಕೊಬ್ಬರಿ, ಬೆಲ್ಲ, ತುಪ್ಪ. ತೆಂಗಿನ ಸೀಮೆಯಲ್ಲಿ ಇದು ಸಹಜವೇ ಸರಿ. ಆದರೆ ಊಟಕ್ಕೂ ಎಣ್ಣೆನೀರಿಗೂ ಕೊಡುವ ಗಮನದಲ್ಲಿ ಕಾಲುಪಾಲನ್ನಾದರೂ ಆಕೆಯ ಎದೆಗೆ ತಾಗುವ ಬಟ್ಟೆಗೆ ಕೊಡುವ ಮನೆಗಳು ಕಡಮೆ. ವಿಷಯವು ಸಂಕೋಚದ್ದೆಂದು ಎಲ್ಲರೂ ಸುಮ್ಮನಿದ್ದುಬಿಡುವರು. ಆ ಸಂಕೋಚದಿಂದಾಗುವ ಕೇಡನ್ನು ನಮ್ಮ ಮನೆಯಲ್ಲಿಯೇ ಕಂಡಿರುವುದರಿಂದ ಸೋದರಿಯರಿಗೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಾಲು ಸಮೃದ್ಧಿಯಾಗಿತ್ತು. ಮಗುವು ಒಂದು ಮಗ್ಗುಲಲ್ಲಿ ಕುಡಿಯುತ್ತಿದ್ದರೆ ಇನ್ನೊಂದು ಮಗ್ಗುಲಿನ ಹಾಲು ತಾನಾಗಿಯೇ ಇಳಿದು ರವಿಕೆಯನ್ನು ತೋಯಿಸುತ್ತಿತ್ತು. ಮೊದಲ ಕೆಲವು ವಾರಗಳಲ್ಲಿ ಇದು ಅನೇಕರಿಗೆ ಆಗುವಂಥದೇ ಹೊರತು ರೋಗವಲ್ಲ. ಅವಳು ಬಟ್ಟೆಯ ಮಡಿಕೆಗಳನ್ನು ಇಟ್ಟುಕೊಂಡು, ಒಗೆದು, ಯಾರಿಗೂ ಕಾಣದಂತೆ ಮಂಚದ ಕೆಳಗೆ ಒಣಗಹಾಕುತ್ತಿದ್ದಳು. ಅವು ಒಣಗುತ್ತಲೇ ಇರಲಿಲ್ಲ. ಹದಿನೈದು ದಿನಗಳೊಳಗೆ ಮೊಲೆತೊಟ್ಟು ಬಿರಿಯಿತು. ಮಗುವನ್ನೆತ್ತಿಕೊಂಡಾಗಲೆಲ್ಲ ಕಣ್ಣೀರಿಡುವಳು. “ಅಮ್ಮ, ನನ್ನ ಕೈಲಾಗದು, ಪುಡಿಹಾಲು ತರಿಸಿಬಿಡು” ಎಂದಳು.

ವೈದ್ಯರು ಮೊದಲು ಮಗುವು ಎದೆಗೆ ಬಾಯಿಡುವ ರೀತಿಯನ್ನು ತಿದ್ದಿದರು; ತೊಟ್ಟು ಬಿರಿಯುವುದಕ್ಕೆ ಮುಖ್ಯ ಕಾರಣ ಅದೇ. ಆಮೇಲೆ ಬಟ್ಟೆಯನ್ನು ವಿಚಾರಿಸಿದರು. ತೇವವು ಸದಾ ತಾಗುತ್ತಿದ್ದರೆ ಗಾಯ ಮಾಯುವುದಿಲ್ಲವೆಂದರು. ಬಟ್ಟೆಯನ್ನು ಬಿಸಿಲಿಗೆ ಹಾಕಲು ಹೊರಟಾಗ ನಮ್ಮ ಅತ್ತೆಯವರು ತಡೆದರು: “ಹಾಲಿನ ಬಟ್ಟೆ ಹತ್ತು ಕಣ್ಣಿಗೆ ಬೀಳಬಾರದು ಕಣವ್ವ, ದೃಷ್ಟಿಯಾದೀತು.” ಮಗಳು ಒಳಗಿನಿಂದಲೇ, “ಅಜ್ಜಿ, ಅಟ್ಟದ ಕಾಯಿಗೆ ತೇವ ತಾಗಿದರೆ ಏನಾಗುತ್ತೆ, ನೀನೇ ಹೇಳು” ಎಂದಳು. ತಿಂಗಳುಗಟ್ಟಲೆ ಕಾಯಿಯನ್ನು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡಿದ ಕೈ ಅವರದು. “ಬೂಷ್ಟು ಹಿಡಿಯುತ್ತೆ, ಇನ್ನೇನು” ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಲಿನ ಎರಡು ತೆಂಗಿನ ಮರಗಳ ನಡುವೆ ತಾವೇ ಹಗ್ಗ ಕಟ್ಟಿಸಿದರು.

ಬಟ್ಟೆಯನ್ನು ಆರಿಸುವ ಬಗೆ ಹೀಗೆ: ಹಲವು ಸಲ ಒಗೆದು ಮೆತ್ತಗಾದ ಮಲ್ಲು ಪಂಚೆಯಾಗಲಿ ನೂಲಿನ ಸೀರೆಯಾಗಲಿ ಉತ್ತಮ. ಅಂಗೈಯಗಲದ ಬಿಲ್ಲೆಗಳಾಗಿ ಕತ್ತರಿಸಿ, ನಾಲ್ಕು ಪದರವಿಟ್ಟು, ಹೊಲಿಗೆಯ ದಪ್ಪ ಅಂಚು ಮೈಗೆ ಒತ್ತದಂತೆ ಹೊಲಿಯಬೇಕು. ಕೊಂಡು ತರುವುದಾದರೆ ಒಂದು ಹನಿ ನೀರು ಹಾಕಿ ನೋಡಿರಿ. ನೀರು ಕೂಡಲೆ ಇಂಗಬೇಕು. ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಂತರೆ ಇನ್ನೂ ಮೂರು ನಾಲ್ಕು ಬಾರಿ ಒಗೆದು ಬಳಸತಕ್ಕದ್ದು. ಎಣ್ಣೆಯ ಜಿಡ್ಡು ಹಿಡಿದ ಬಟ್ಟೆಯೂ ನೀರನ್ನು ಹೀರದು. ಆದಕಾರಣ ಎಣ್ಣೆ ಹಚ್ಚಿದ ಮೈಯನ್ನು ಒರಸಿಯೇ ಬಿಲ್ಲೆ ಇಡಬೇಕು. ಪ್ಲಾಸ್ಟಿಕ್ಕಿನ ಪೊರೆಯಿರುವುದು ಗಾಳಿಯನ್ನು ತಡೆಯುವುದರಿಂದ ಬಸ್ಸಿನ ಪ್ರಯಾಣಕ್ಕೆ ಮಾತ್ರ ಸಾಕು. ಹತ್ತು ಹನ್ನೆರಡು ಜೊತೆಗಳಿದ್ದರೆ ಮಳೆಗಾಲದಲ್ಲಿಯೂ ತೊಂದರೆಯಿಲ್ಲ.

ತೊಯ್ದೊಡನೆ ಬದಲಾಯಿಸುವುದು, ಮೊದಲು ತಣ್ಣೀರಿನಲ್ಲಿ ಹಾಲನ್ನು ಜಾಲಿಸಿ ಬಳಿಕ ಬಿಸಿನೀರು ಸೋಪುಗಳಿಂದ ಒಗೆಯುವುದು, ಬಿಸಿಲಿಗೆ ಹರವುವುದು, ಗಂಜಿ ಹಾಕದಿರುವುದು—ಇಷ್ಟೇ ಕೆಲಸ. ಮಗುವಿನ ಬಾಯಲ್ಲಿ ಬಿಳಿಯ ಪೊರೆ ಕಂಡರೆ ತಾಯಿ ಮಗು ಇಬ್ಬರನ್ನೂ ವೈದ್ಯರಿಗೆ ತೋರಿಸಿ, ಬಟ್ಟೆಗಳನ್ನು ಕುದಿಸಿರಿ. ಎದೆ ಗಟ್ಟಿಯಾಗಿ ಕೆಂಪೇರಿ ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು; ಆಗಲೂ ಹಾಲೂಡಿಸುವುದನ್ನು ತಾವಾಗಿಯೇ ನಿಲ್ಲಿಸಕೂಡದು.

ಮಗುವಿಗೆ ಮೊದಲ 6 ತಿಂಗಳು ತಾಯಿಹಾಲೊಂದನ್ನೇ ಕೊಡಬೇಕೆಂದೂ, ಬಳಿಕ ಇತರ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಶಿಶುಗಳ ಪುಡಿಹಾಲಿನ ಜಾಹೀರಾತನ್ನು ನಮ್ಮ ದೇಶದ 1992ರ ಕಾಯಿದೆಯು ನಿಷೇಧಿಸಿದೆ. ಆದರೆ ಮಂಚದ ಕೆಳಗಿನ ಒದ್ದೆ ಬಟ್ಟೆಯನ್ನು ಹೊರಗೆ ತರುವುದು ಯಾವ ಕಾಯಿದೆಗೂ ಸಾಧ್ಯವಿಲ್ಲ. ಅದು ಮನೆಯ ಹಿರಿಯ ಹೆಂಗಸರಿಂದಲೇ ಆಗತಕ್ಕ ಕೆಲಸ. ಬಾಣಂತಿಯು ಬಾಯಿಬಿಟ್ಟು ಕೇಳುವವರೆಗೆ ಕಾಯದೆ, ಸೀಮಂತದ ಸಡಗರದಲ್ಲಿಯೇ ಹಳೆಯ ಪಂಚೆಯೊಂದನ್ನು ಎತ್ತಿಟ್ಟು ಬಿಲ್ಲೆ ಹೊಲಿದಿಡಿರಿ. ನಮ್ಮ ಮೊಮ್ಮಗುವು ತಾಯಿಹಾಲಿನಲ್ಲಿಯೇ ಬೆಳೆಯಿತು.