ದೊಡ್ಡಪ್ಪನ ನಾಲಿಗೆ

ನಾವು ಕುಡುಕರ ಕೇರಿಯವರು ಅಂತ ಊರವರು ಹೇಳುತ್ತಾರೆ. ಹೇಳಲಿ. ಕುಡಿಯುವುದರಲ್ಲೂ ಒಂದು ವಿದ್ಯೆ ಇತ್ತು, ಅದು ನಮ್ಮ ಕೇರಿಯಲ್ಲಿತ್ತು, ಅದು ಎಲ್ಲಿ ಹೋಯಿತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಂಡ್ಕುಡ್ಕ ರತ್ನನನ್ನು ಕನ್ನಡಕ್ಕೆ ಕೊಟ್ಟವರು ರಾಜರತ್ನಂ ಮೇಷ್ಟ್ರು. ಅವರು ಹೆಂಡ ಮುಟ್ಟಿದವರಲ್ಲ ಅನ್ನುತ್ತಾರೆ. ಮುಟ್ಟದವರ ಪದ ಎಲ್ಲರ ಬಾಯಲ್ಲಿ ನಿಂತಿತು. ಮುಟ್ಟಿದ ನಮ್ಮ ಮಾತು ಯಾವ ಪುಸ್ತಕದಲ್ಲೂ ಇಲ್ಲ.

ದೇವದುರ್ಗದ ಕಡೆಯ ನಮ್ಮ ಊರಲ್ಲಿ ಹಳ್ಳದ ದಂಡೆಗೆ ಈಚಲ ಗಿಡಗಳಿದ್ದವು. ಈಳಿಗೇರ ಮುದುಕ ನಸುಕಿನಲ್ಲೇ ಹತ್ತಿ ಗಡಿಗೆ ಇಳಿಸುತ್ತಿದ್ದ. ಇಳಿಸಿದ ಕೂಡಲೇ ಕುಡಿದರೆ ಸಕ್ಕರೆ ನೀರು. ಹೊತ್ತೇರಿದಂತೆ ಅದಕ್ಕೆ ಜೀವ ಬರುತ್ತದೆ. ಯಾರೂ ಏನೂ ಹಾಕಬೇಕಾಗಿಲ್ಲ. ಗಾಳಿಯಲ್ಲಿ, ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದೆ ಕೂತಿರುವ ಹುದುಗೇ ಸಾಕು. ಮಧ್ಯಾಹ್ನಕ್ಕೆ ನೊರೆ, ಸ್ವಲ್ಪ ಒಗರು, ಸಣ್ಣ ಅಮಲು. ಬಿಯರಿನಷ್ಟೇ, ನೂರಕ್ಕೆ ನಾಲ್ಕೋ ಐದೋ ಪಾಲು. ಸಂಜೆಗೆ ಹುಳಿ. ಮರುದಿನ ಬಾಯಿಗಿಡಲು ಬರುವುದಿಲ್ಲ. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುದುಗು ಏಳುವುದಿಲ್ಲ, ಸಿಹಿ ಹಾಗೇ ಉಳಿಯುತ್ತದೆ. ಅದಕ್ಕೆ ನೀರಾ ಅನ್ನುತ್ತಾರೆ.

ನಮ್ಮ ದೊಡ್ಡಪ್ಪ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಹೇಳಿಬಿಡುತ್ತಿದ್ದ. "ಇದು ಗುಡಿ ಹಿಂದಿನ ಗಿಡದ್ದು." "ಇದರಾಗ ನಿನ್ನಿದು ಕೂಡಿಸ್ಯಾನ." "ಗಡಿಗಿ ತೊಳದಿಲ್ಲಲೇ ಇಂವ." ಈಳಿಗೇರ ಮುದುಕ ನಗುತ್ತಿದ್ದ, ಅಲ್ಲ ಅನ್ನುತ್ತಿರಲಿಲ್ಲ. ಆದರೆ ಆ ಮುದುಕನೂ ನಮಗೆ ಮೇಲಿನಿಂದಲೇ ಹೊಯ್ಯುತ್ತಿದ್ದ. ಊರವರಿಗೆ ಲೋಟ, ನಮಗೆ ಬೊಗಸೆ. ಬೊಗಸೆಯಲ್ಲಿ ಮುಖ ಇಟ್ಟು ಕುಡಿದರೆ ನಾಲಿಗೆಗಿಂತ ಮೊದಲು ಮೂಗಿಗೆ ಸುದ್ದಿ ಮುಟ್ಟುತ್ತದೆ. ದೊಡ್ಡಪ್ಪನ ವಿದ್ಯೆ ಹಾಗೆ ಬಂದದ್ದು. ಮುಟ್ಟಿಸಿಕೊಳ್ಳದವರು ಕೊಟ್ಟ ಮೂಗು ಅದು.

ರಾಯಚೂರು 1948ರವರೆಗೆ ನಿಜಾಮನ ಕೈಯಲ್ಲಿತ್ತು. ಅಬಕಾರಿ ಅಂದರೆ ಆ ಸರ್ಕಾರಕ್ಕೆ ದೊಡ್ಡ ಗಂಟು. 1956ರಲ್ಲಿ ನಾವು ಮೈಸೂರಿಗೆ ಸೇರಿದೆವು. ಗುತ್ತಿಗೆದಾರ ಬದಲಾದ, ಗುತ್ತಿಗೆ ಬದಲಾಗಲಿಲ್ಲ. ಗಿಡ ಕಡಿಮೆಯಾದವು, ಕುಡಿಯುವ ಬಾಯಿ ಹೆಚ್ಚಾದವು. ಹತ್ತು ಗಡಿಗೆಯನ್ನು ನೂರು ಗಡಿಗೆ ಮಾಡಬೇಕಾದರೆ ಏನು ಮಾಡಬೇಕು? ನೀರು ಹೊಯ್ಯಬೇಕು, ಸಿಹಿಗೆ ಸ್ಯಾಕರಿನ್ ಹಾಕಬೇಕು, ಅಮಲಿಗೆ ಸಿ.ಎಚ್. ಪೌಡರ್ ಹಾಕಬೇಕು. ಪೂರಾ ಹೆಸರು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್ ತಯಾರಿಸಿದ್ದು, ಆಮೇಲೆ ನಿದ್ದೆ ಬಾರದವರಿಗೆ ಡಾಕ್ಟರು ಕೊಡುತ್ತಿದ್ದ ಮದ್ದು. ನಮ್ಮ ಜಿಲ್ಲೆಯಲ್ಲಿ ಈ ಹೆಸರು ಓದು ಬಾರದವರಿಗೂ ಗೊತ್ತು.

ಮಳೆ ಹೋದ ಒಂದು ವರ್ಷ ನಾವು ಮನೆಮಂದಿಯೆಲ್ಲ ರಾಯಚೂರಿಗೆ ಬಂದೆವು. ದೊಡ್ಡಪ್ಪ ಗಂಜಿನಲ್ಲಿ ಹಮಾಲಿಗೆ ನಿಂತ. ದಿನಾ ಹತ್ತಿ, ಸೇಂಗಾ ಚೀಲ ಹೊತ್ತ ಬೆನ್ನು ಸಂಜೆಗೆ ಏನಾದರೂ ಕೇಳುತ್ತದೆ. ಸಿಕ್ಕಿದ್ದು ಪ್ಲಾಸ್ಟಿಕ್ ಪಾಕೀಟಿನ ಬಿಳಿ ನೀರು. ಮೊದಲ ದಿನ ಬಾಯಲ್ಲಿ ಹೊರಳಿಸಿದ, ಉಗುಳಿದ. "ಇದಕ್ಕ ಗಿಡಾನ ಇಲ್ಲಲೇ" ಅಂದ. ಮರುದಿನ ಉಗುಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದಿಲ್ಲದೆ ಕೈ ನಡುಗತೊಡಗಿತು. ಇದು ಗಿಡದ ಸೇಂದಿಯ ಹಾಗಲ್ಲ. ಒಮ್ಮೆಲೇ ಬಿಟ್ಟರೆ ಬಿಟ್ಟವನನ್ನೇ ಹಿಡಿಯುತ್ತದೆ. ಅದು ನಮಗೆ ಗೊತ್ತಿರಲಿಲ್ಲ. ನಾವೇ, ಅವನ ಮಕ್ಕಳಂತೆ ಬೆಳೆದ ನಾವೇ, ಒಳ್ಳೆಯದಾಗಲಿ ಅಂತ ಮೂರು ದಿನ ಕೋಣೆಯಲ್ಲಿ ಹಾಕಿ ಚಿಲಕ ಹಾಕಿದೆವು. ಎರಡನೇ ದಿನ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂದ. ಇರುವೆ ಇರಲಿಲ್ಲ. ಮೂರನೇ ದಿನ ಫಿಟ್ಸ್ ಬಂತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಆ ಚಿಲಕದ ಸದ್ದು ಇನ್ನೂ ನಮ್ಮ ಕಿವಿಯಲ್ಲಿದೆ.

2004ರಲ್ಲಿ ಕರಾವಳಿ ಬಿಟ್ಟು ಉಳಿದ ಕಡೆ ಸರ್ಕಾರ ಸೇಂದಿ ನಿಲ್ಲಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ನಿಂತದ್ದು ಯಾವುದು? ಈಳಿಗೇರರ ಕಸುಬು ನಿಂತಿತು, ಪೌಡರ್ ನಿಲ್ಲಲಿಲ್ಲ. ಕೃಷ್ಣೆ ದಾಟಿದರೆ ತೆಲಂಗಾಣ, ಅಲ್ಲಿ ಸೇಂದಿಗೆ ಲೈಸೆನ್ಸ್ ಇದೆ. ಲೈಸೆನ್ಸ್ ಇದ್ದಲ್ಲಿಯೂ ಜನ ಸತ್ತರು. 2025ರ ಜುಲೈನಲ್ಲಿ ಹೈದರಾಬಾದಿನ ಕುಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದವರ ಹೆಣಗಳು ಬಿದ್ದವು.

ಇಷ್ಟು ಓದಿ ನಾವು ಸೇಂದಿಯ ಪರ ವಕಾಲತ್ತು ಹಾಕುತ್ತಿದ್ದೇವೆ ಅಂತ ತಿಳಿಯಬೇಡಿ. ನಮ್ಮ ಅವ್ವನ ಮುಂದೆ ಆ ವಕಾಲತ್ತು ನಡೆಯುವುದಿಲ್ಲ. "ಗಿಡದ್ದು ಕುಡದು ಬಂದ್ರೂ ನಿಮ್ಮಪ್ಪ ಹೊಡಿತಿದ್ದ, ಪುಡಿದು ಕುಡದು ಬಂದ್ರೂ ಹೊಡಿತಿದ್ದ. ನನ್ನ ಬೆನ್ನಿಗೆ ಎರಡೂ ಒಂದ" ಅನ್ನುತ್ತಾಳೆ. ದಲಿತ ಸಂಘರ್ಷ ಸಮಿತಿಯವರು ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿದದ್ದು ಇಂಥ ಬೆನ್ನುಗಳನ್ನು ನೋಡಿಯೇ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಮದ್ಯ ನಿಲ್ಲಿಸಿ ಅಂತ ನಡೆದ ಸಾವಿರಾರು ಹೆಣ್ಣುಮಕ್ಕಳಲ್ಲಿ ನಮ್ಮ ಜಿಲ್ಲೆಯವರು ಬಹಳ.

ಅದೇ ಬೆಂಗಳೂರಿಗೆ ನಾವು ಗುಳೇ ಹೋದವರು. ಸುಮಾರು 2010ರಿಂದ ಅಲ್ಲಿ ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಮಾರುವ ಅಂಗಡಿಗಳು ಎದ್ದವು. ಅಂಥ ಒಂದರ ಗೋಡೆಗೆ ನಾವು ಗಿಲಾಯಿ ಮಾಡಿದ್ದೆವು. ವರ್ಷಗಳ ಮೇಲೆ, ನಮ್ಮಲ್ಲೇ ಓದಿ ಕಂಪನಿ ಸೇರಿದ ಗೆಳೆಯ ಅಲ್ಲಿಗೇ ಕರೆದೊಯ್ದ. ಹಲಗೆಯೊಂದರಲ್ಲಿ ಐದು ಪುಟ್ಟ ಲೋಟ ತಂದಿಟ್ಟರು. ರುಚಿ ನೋಡಿ ಬೇಕಾದ್ದು ಆರಿಸಿಕೊಳ್ಳಬೇಕಂತೆ. ಆರಿಸಿಕೊಳ್ಳಿ ಅಂತ ಜೀವಮಾನದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಹುಡುಗ ವಿವರಿಸಿದ: ಒಂದು ಗೋಧಿಯದು, ಬೆಲ್ಜಿಯಂ ದೇಶದ ರೀತಿ, ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕಿದ್ದು. ನಮಗೆ ನಗು ಬಂತು. ಅವ್ವನ ಸಾರಿನ ಹವೀಜ! ಆದರೆ ಚಂದಿತ್ತು, ಸುಳ್ಳೇಕೆ ಹೇಳುವುದು. ಕರಿಯದು ಸುಟ್ಟ ರೊಟ್ಟಿಯ ವಾಸನೆ ಕೊಟ್ಟಿತು. ಕಹಿಯದು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ನಾಲ್ಕನೆಯದರಲ್ಲಿ ಇರಬಾರದ ಹುಳಿ ಇತ್ತು. "ಕೊಳವಿ ತೊಳದಿಲ್ಲ ನೀವು" ಅಂದೆವು. ಹುಡುಗ ಒಳಗೆ ಹೋಗಿ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಸರ್, ತಾವು ಬಿಯರ್ ಬಗ್ಗೆ ಬರೀತೀರಾ?"

ಬಾಯಲ್ಲಿ ಹೊರಳಿಸಿ ಹೇಳಿದರೆ ಅಲ್ಲಿ ರಸಿಕ, ನಮ್ಮ ಕೇರಿಯಲ್ಲಿ ಕುಡುಕ. ಒಂದು ದೊಡ್ಡ ಲೋಟಕ್ಕೆ ಕೊಟ್ಟ ದುಡ್ಡು, ದೇವದುರ್ಗದಲ್ಲಿ ಹತ್ತಿ ಬಿಡಿಸುವ ನಮ್ಮ ಅಕ್ಕನ ಒಂದು ದಿನದ ಕೂಲಿ. ಆ ಲೆಕ್ಕ ಬಂದ ಮೇಲೆ ಐದನೆಯದರ ರುಚಿ ಏನಿತ್ತೋ ನೆನಪಿಲ್ಲ.

ಹೋದ ಬೇಸಿಗೆಯಲ್ಲಿ ಮಾನ್ವಿಯ ತಂಗಿಯ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಅಳಿಯ ಗದ್ವಾಲ ಕಡೆಯಿಂದ ಎರಡು ಬಾಟಲಿ ತಂದಿದ್ದ. ಅಸಲಿ ತಾಳೆಗಿಡದ್ದು ಅಂದ. ನಾವು ಲೋಟ ಹುಡುಕುತ್ತಿದ್ದೆವು. ಹನಿ ಬಾಯಿಗೆ ಹಾಕದ ಅವ್ವ, ಆಯುಷ್ಯವಿಡೀ ಗಂಡ ಮೈದುನರ ಬಾಯಿ ವಾಸನೆ ನೋಡಿಯೇ ರಾತ್ರಿಯ ಭವಿಷ್ಯ ತಿಳಿದವಳು, ಬಿರಡೆ ತೆಗೆದು ಮೂಸಿದಳು. ಅಂಗೈಗೆ ಎರಡು ಹನಿ ಹಾಕಿ ತಿಕ್ಕಿದಳು.

"ಹುಳಿ ವಾಸನಿ ಇಲ್ಲ. ಪುಡಿ ಐತಿ."

"ಅಸಲಿ ಅಂತ ಹೇಳಿ ಕೊಟ್ಟಾರ ಅತ್ತಿ."

"ಕೊಡಾವ್ರು ಹಂಗ ಹೇಳ್ತಾರಪ್ಪ."

ಎರಡನ್ನೂ ಬಚ್ಚಲಿಗೆ ಸುರಿದಳು. ಬೂದಿ ಹಾಕಿ ಬಾಟಲಿ ತಿಕ್ಕಿದಳು, ಗೋಡೆಗೆ ಬೋರಲು ಇಟ್ಟಳು.