ತಾಳ ಕೂಡುವಷ್ಟು ದೂರ

ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸದ್ದಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು. ನಾಯಕನಹಟ್ಟಿ ಜಾತ್ರೆಯಲ್ಲಿ ನೂರು ಮೀಟರ್ ಆಚೆ ಡೊಳ್ಳಿಗೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ದೊಡ್ಡಾಟದಲ್ಲಿ ಹಾರ್ಮೋನಿಯಂ, ಮದ್ದಳೆ, ತಾಳದವರು ಒತ್ತಾಗಿ ಕೂರುವುದು ಸುಮ್ಮನೆ ಅಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವ ಈ ಕುದಾಪುರದಲ್ಲಿ ನನ್ನ ಹಾರ್ಮೋನಿಯಂ. ಮದ್ದಳೆಯ ಗೆಳೆಯ ಬೆಂಗಳೂರಿನಲ್ಲಿ; ಇಂಟರ್ನೆಟ್ ಮೂಲಕ ಒಟ್ಟಿಗೆ ನುಡಿಸುತ್ತೇವೆ. ನಡುವೆ ಸುಮಾರು 200 ಕಿಲೋಮೀಟರ್. ಗಾಜಿನ ಎಳೆಯೊಳಗಿನ ಬೆಳಕಿಗೆ ಇದು ಒಂದೇ ಮಿಲಿಸೆಕೆಂಡಿನ ದಾರಿ. ಉಳಿದ ತಡವೆಲ್ಲ ನಡುವಿನ ರೂಟರುಗಳದ್ದು, ನಮ್ಮಿಬ್ಬರ ಕಂಪ್ಯೂಟರುಗಳದ್ದು. ಅದನ್ನು ಸವರಿ ಸವರಿ ಹದಕ್ಕೆ ತರುವುದು ನನಗೆ ನುಡಿಸುವಷ್ಟೇ ಪ್ರೀತಿಯ ಕೆಲಸ.

ಲಿನಕ್ಸ್‌ನಲ್ಲಿ ಸದ್ದನ್ನು ನಿಭಾಯಿಸಲು ಜ್ಯಾಕ್, ಅದರ ಮೇಲೆ ಸದ್ದನ್ನು ಇಂಟರ್ನೆಟ್‌ನಲ್ಲಿ ಆಚೆಗೆ ಕಳಿಸುವ ಜ್ಯಾಕ್‌ಟ್ರಿಪ್, ಎರಡೂ ಉಚಿತ. ಮೊದಲು ಸೌಂಡ್ ಕಾರ್ಡನ್ನು ಗೊತ್ತುಮಾಡಬೇಕು. ಸಂಖ್ಯೆ ಕೊಟ್ಟು ಗುರುತಿಸಿದರೆ, ಯುಎಸ್‌ಬಿ ಕಿತ್ತು ಹಾಕಿದಾಗ ಆ ಸಂಖ್ಯೆ ಬದಲಾಗಬಹುದು. ಹೆಸರು ಕೊಡುವುದೇ ಲೇಸು. ಮೈಕು ಒಂದು ಕಾರ್ಡಿಗೆ, ಹೆಡ್‌ಫೋನು ಇನ್ನೊಂದಕ್ಕೆ ಬೇಡ. ಎರಡರ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಸ್ವಲ್ಪ ಹೊತ್ತಿಗೆ ಚಟಪಟ ಶುರುವಾಗುತ್ತದೆ.

ಆಮೇಲೆ ಬಫರ್, ಅಂದರೆ ಕಂಪ್ಯೂಟರು ಒಮ್ಮೆಗೆ ಕೂಡಿಸಿಕೊಳ್ಳುವ ಸ್ಯಾಂಪಲ್‌ಗಳ ಕಂತು. ಸೆಕೆಂಡಿಗೆ 48,000 ಸ್ಯಾಂಪಲ್ ಎಂದಿಟ್ಟುಕೊಂಡರೆ, 256ರ ಕಂತಿಗೆ 5.3 ಮಿಲಿಸೆಕೆಂಡ್, 128ಕ್ಕೆ 2.7, 64ಕ್ಕೆ 1.3. ಯುಎಸ್‌ಬಿ ಕಾರ್ಡಾದರೆ ಇಂಥ ಮೂರು ಕಂತು ಕೊಟ್ಟರೆ ಚೆನ್ನ. ಕಂತಿನ ಗಾತ್ರ ಇಳಿಸಿದಂತೆಲ್ಲ ಮದ್ದಳೆ ಹತ್ತಿರ ಬರುತ್ತದೆ. 256ರಲ್ಲಿ ಎದುರುಮನೆಯಲ್ಲಿದ್ದಂತಿದ್ದವನು 128ಕ್ಕೆ ಪಡಸಾಲೆಗೆ ಬಂದು ಕೂರುತ್ತಾನೆ. ಇನ್ನೂ ಇಳಿಸಿದರೆ ಪೆಟ್ಟಿನ ಅಂಚು ಹರಿದು, 'ಧೀಂ' ಎನ್ನುವುದು 'ಧ್ರ್' ಎನ್ನುತ್ತದೆ. ಆಗ ಒಂದು ಮೆಟ್ಟಿಲು ಹಿಂದಕ್ಕೆ. ದನಿ ಬಿರಿಯದ, ಲಯವೂ ಜಾರದ ಆ ಗಡಿಯನ್ನು ಕಿವಿಯಿಂದಲೇ ಹುಡುಕುವ ಸುಖ ದೊಡ್ಡದು.

ತಡವೇ ಇರಬಾರದೆಂದು ಮೊದಮೊದಲು ಎಲ್ಲರಿಗೂ ಅನಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ, ಇಬ್ಬಿಬ್ಬರು ಒಟ್ಟಿಗೆ ಚಪ್ಪಾಳೆ ತಟ್ಟುವ ಪ್ರಯೋಗದಲ್ಲಿ ಕಂಡದ್ದೇ ಬೇರೆ. ತಡ 11.5 ಮಿಲಿಸೆಕೆಂಡ್ ದಾಟಿದಂತೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಲಯ ಇಳಿಯಿತು. ಅದಕ್ಕಿಂತ ಕಡಿಮೆಯಾದಾಗ ಲಯ ತುಸು ಓಡತೊಡಗಿತು. 11.5 ಮಿಲಿಸೆಕೆಂಡ್ ಎಂದರೆ ಗಾಳಿಯಲ್ಲಿ ನಾಲ್ಕು ಮೀಟರ್, ಅಂದರೆ ಅಟ್ಟದ ಮೇಲೆ ಮೇಳದವರು ಕೂರುವಷ್ಟೇ ಅಂತರ! ನಮ್ಮ ಹಿಮ್ಮೇಳದವರಿಗೆ ಇದು ಅಳತೆಪಟ್ಟಿ ಇಲ್ಲದೆಯೇ ಗೊತ್ತಿತ್ತು.

ನೀವೂ ದೂರದ ಗೆಳೆಯರೊಡನೆ ನುಡಿಸಬೇಕೆಂದರೆ ವೈಫೈ ಬಿಟ್ಟು ತಂತಿ ಹಾಕಿ, ಹೆಡ್‌ಫೋನ್ ಧರಿಸಿ, 256ರಿಂದ ಇಳಿಸುತ್ತಾ ಬನ್ನಿ. 11.5ಕ್ಕೆ ಇಳಿಯದಿದ್ದರೂ, ಒಟ್ಟು ತಡ 20 ಮಿಲಿಸೆಕೆಂಡಿನ ಆಸುಪಾಸಿಗೆ ಬಂದರೂ ಸಾಕು. ತಾಳ ಕೂಡಿದ ಮೇಲೆ ಅಂಕಿ ನೋಡಬೇಡಿ, ಪದ ಹಾಡಿ.