ಪೀಸಾದ ಗೋಪುರವೂ ಆರ್ಚೆತ್ರಿಯ ಮನೆಯೂ

ಇಟಲಿ ದೇಶದ ಪೀಸಾ ನಗರಕ್ಕೆ ಹೋದವರು ಮೊದಲು ಅರಸುವುದು ಅಲ್ಲಿಯ ಓರೆಗೋಪುರವನ್ನು. ನಾವೂ ಹಾಗೆಯೇ ಮಾಡಿದೆವು. 1173ರಲ್ಲಿ ಅಸ್ತಿಭಾರ ಹಾಕಿದ ಈ ಗಂಟೆಗೋಪುರವು ಮುಗಿಯಲು ಸುಮಾರು 200 ವರ್ಷಗಳು ಹಿಡಿದುವು. ಸವೆದ ಅಮೃತಶಿಲೆಯ ಮೆಟ್ಟಲುಗಳನ್ನೇರುವಾಗ ಮೈಯು ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ವಾಲುತ್ತಿತ್ತು. ತುದಿಯನ್ನು ಸೇರಿ ಕೆಳಗಿನ ಹಸುರನ್ನು ನೋಡಿದಾಗ ಬಾಲ್ಯದಲ್ಲಿ ಓದಿದ ಕಥೆಯೊಂದು ನೆನಪಾಯಿತು. ಗೆಲಿಲಿಯೋ ಇಲ್ಲಿಂದ ಭಾರವಾದ ಗುಂಡನ್ನೂ ಹಗುರವಾದ ಗುಂಡನ್ನೂ ಒಮ್ಮೆಗೇ ಬಿಟ್ಟನಂತೆ. ಎರಡೂ ಕೂಡಿಯೇ ನೆಲವನ್ನು ಮುಟ್ಟಿದುವಂತೆ.

ಇದನ್ನು ಹೇಳಿದವನು ಅವನ ಶಿಷ್ಯನಾದ ವಿವಿಯಾನಿ. ಗೆಲಿಲಿಯೋ ತನ್ನ ಗ್ರಂಥಗಳಲ್ಲಿ ಈ ಗೋಪುರದ ಮಾತನ್ನೇ ಎತ್ತಿಲ್ಲವಾದುದರಿಂದ ಪಂಡಿತರು ಕಥೆಯನ್ನು ಸಂದೇಹಿಸುವರು. ಇಂತಹ ಪರೀಕ್ಷೆಯನ್ನು ಹಾಲೆಂಡಿನ ಸ್ಟೆವಿನನು 1586ರಲ್ಲಿಯೇ ಪ್ರಕಟಿಸಿದ್ದನು.

ತೂಕ ಹೆಚ್ಚಿದಷ್ಟೂ ವಸ್ತುವು ಬೇಗ ಬೀಳುವುದೆಂಬುದು ಗ್ರೀಕ್ ಪಂಡಿತ ಅರಿಸ್ಟಾಟಲನ ಮತ. ಇದಕ್ಕೆ ಗೆಲಿಲಿಯೋ ಕೇಳಿದ ಪ್ರಶ್ನೆ ಬಹು ಸರಳ: ದೊಡ್ಡ ಕಲ್ಲಿಗೆ ಚಿಕ್ಕ ಕಲ್ಲನ್ನು ಕಟ್ಟಿ ಬಿಟ್ಟರೆ ಏನಾಗಬೇಕು? ಚಿಕ್ಕದು ದೊಡ್ಡದನ್ನು ತಡೆಯುವುದರಿಂದ ವೇಗ ಕುಗ್ಗಬೇಕು. ಎರಡೂ ಸೇರಿ ತೂಕ ಹೆಚ್ಚಿದುದರಿಂದ ವೇಗ ಹಿಗ್ಗಲೂ ಬೇಕು! ಒಂದೇ ಮತದಿಂದ ಎರಡು ವಿರುದ್ಧ ಫಲಗಳು ಹೇಗೆ ಬಂದಾವು?

ತರ್ಕದಿಂದಲೇ ಅವನು ತೃಪ್ತನಾಗಲಿಲ್ಲ. ನೇರವಾಗಿ ಬೀಳುವ ವಸ್ತುವನ್ನು ಅಳೆಯುವುದು ಕಷ್ಟ. ಆದುದರಿಂದ ಇಳಿಜಾರಾಗಿಟ್ಟ ತೊಲೆಯ ನುಣುಪಾದ ಕಾಲುವೆಯಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಕಾಲವು ಎರಡರಷ್ಟಾದರೆ ದೂರವು 4ರಷ್ಟು, ಮೂರರಷ್ಟಾದರೆ 9ರಷ್ಟು ಎಂಬ ನಿಯಮವು ದೊರೆಯಿತು.

ಪೀಸಾದಿಂದ ನಾವು ಫ್ಲಾರೆನ್ಸಿಗೆ ಹೋಗಿ, ಊರ ದಕ್ಷಿಣದ ಆರ್ಚೆತ್ರಿ ಗುಡ್ಡವನ್ನೇರಿದೆವು. ಭೂಮಿಯು ಸೂರ್ಯನನ್ನು ಸುತ್ತುವುದೆಂದು ವಾದಿಸಿದ್ದಕ್ಕಾಗಿ 1633ರಲ್ಲಿ ದಂಡನೆಗೊಳಗಾದ ಗೆಲಿಲಿಯೋ, 1642ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯ ಮನೆಯೊಂದರಲ್ಲಿ ಬಂಧಿತನಾಗಿದ್ದನು. ಚಲನೆಯ ನಿಯಮಗಳನ್ನು ಗ್ರಂಥರೂಪಕ್ಕೆ ತಂದುದು ಇಲ್ಲಿಯೇ. ಅದು 1638ರಲ್ಲಿ ದೂರದ ಲೈಡನ್ ನಗರದಲ್ಲಿ ಅಚ್ಚಾಯಿತು. ಕೈಸೇರಿದಾಗ ಓದಲು ಮುದುಕನಿಗೆ ಕಣ್ಣಿರಲಿಲ್ಲ.

ಗರಿಯನ್ನು ತಡೆಯುವುದು ಗಾಳಿಯೇ ಹೊರತು ಅದರ ಹಗುರತನವಲ್ಲ. 1971ರಲ್ಲಿ ಗಾಳಿಯಿಲ್ಲದ ಚಂದ್ರನ ಮೇಲೆ ಸ್ಕಾಟ್ ಎಂಬ ಯಾತ್ರಿಕನು ಬಿಟ್ಟ ಸುತ್ತಿಗೆಯೂ ಗರಿಯೂ ಕೂಡಿಯೇ ಬಿದ್ದುವು.

ಗೋಪುರದ ಬಳಿ ಜನಜಂಗುಳಿ; ಈ ಮನೆಯ ಮುಂದೆ ನಾವಿಬ್ಬರೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳುವರಷ್ಟೆ. ಆ ಮಾತಿಗಾಗಿ ಮನುಷ್ಯನು ತೆರಬೇಕಾದ ಬೆಲೆಯೆಷ್ಟೆಂಬುದನ್ನು ನಾವು ಅಲ್ಲಿ ಅರಿತೆವು.